ಪಿಕಪ್ ಮಾಲೀಕರ ಕಂಪನಿನಿಷ್ಠೆ: ಕೋಲಾರ ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಕುರಿತು ಒಂದು ವಿಚಾರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ತಾಲ್ಲೂಕುಗಳಲ್ಲಿ, ವರ್ಷವಿಡೀ ಹರಿಯುವ ಹೊಳೆಯ ಆಶ್ರಯವಿಲ್ಲದೆ ಕೆರೆಗಳನ್ನೂ ಕೊಳವೆಬಾವಿಗಳನ್ನೂ ನೆಚ್ಚಿ ಬೆಳೆದ ತರಕಾರಿ, ಮಾವು, ಹೂವುಗಳನ್ನು ತೋಟದಿಂದ ಮಂಡಿಗೆ ಮುಟ್ಟಿಸುವ ಕಾರ್ಯವು ಇಂದು ಬಹುಮಟ್ಟಿಗೆ ಪಿಕಪ್ ಗಾಡಿಗಳ ಪಾಲಿಗೆ ಬಂದಿರುವುದರಿಂದ, ಆ ಗಾಡಿಗಳ ಮಾಲೀಕರು ಸ್ಟ್ಯಾಂಡುಗಳಲ್ಲಿ ಕನ್ನಡ ತೆಲುಗುಗಳನ್ನು ಬೆರೆಸಿ ನಡೆಸುವ ‘ಯಾವ ಕಂಪನಿಯ ಗಾಡಿ ಮೇಲು’ ಎಂಬ ವಾಗ್ವಾದವನ್ನು ಹೊತ್ತುಗಳೆಯುವ ಮಾತೆಂದು ವಿದ್ವಾಂಸರು ಉಪೇಕ್ಷಿಸತಕ್ಕದ್ದಲ್ಲ. ಬೊಲೆರೊ ಪಿಕಪ್‌ನ ಪಕ್ಷ, ಟಾಟಾ ಪಕ್ಷ, ಅಶೋಕ್ ಲೇಲ್ಯಾಂಡಿನ ದೋಸ್ತ್ ಪಕ್ಷ ಎಂದು ಒಡೆದು ನಿಲ್ಲುವ ಈ ಜನರ ನಿಷ್ಠೆಯು ಮೇಲ್ನೋಟಕ್ಕೆ ಕಂಪನಿಯ ಹೆಸರಿಗೆ ಸಲ್ಲುವಂತೆ ತೋರಿದರೂ, ಗಾಡಿಯ ಸುತ್ತ ಹಬ್ಬಿಕೊಂಡಿರುವ ಮೆಕ್ಯಾನಿಕ್, ಬಿಡಿಭಾಗದ ಅಂಗಡಿ, ಫೈನಾನ್ಸ್, ಮರುಮಾರಾಟದ ಬೆಲೆ ಇವೆಲ್ಲ ಕೂಡಿದ ಒಂದು ಸ್ಥಳೀಯ ವ್ಯವಸ್ಥೆಗೇ ಅದು ವಸ್ತುತಃ ಸಲ್ಲುತ್ತದೆಂಬುದು ಪ್ರಸ್ತುತ ಲೇಖನದ ಪ್ರತಿಪಾದ್ಯ.

ಈ ಪಕ್ಷಗಳ ಪೂರ್ವೋತ್ತರವು ದೀರ್ಘವಾದುದಲ್ಲ. ಮ್ಯಾಟಡೋರ್ ಟೆಂಪೋಗಳೂ ಟಾಟಾ 207 ಗಾಡಿಗಳೂ ಓಡಾಡುತ್ತಿದ್ದ ರಸ್ತೆಗಳಿಗೆ, 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ಹೊತ್ತ ಟಾಟಾ ಏಸ್ 2005ರಲ್ಲಿ ಬಂದು, ಅದುವರೆಗೆ ಬಾಡಿಗೆ ಗಾಡಿಯನ್ನೇ ಕಾಯಬೇಕಾಗಿದ್ದವನಿಗೂ ಸ್ವಂತ ಗಾಡಿಯ ಆಸೆಯನ್ನು ಹುಟ್ಟಿಸಿತು. ಮಾಲೂರಿಗೆ ಸಮೀಪದ ಹೊಸೂರಿನಲ್ಲಿ ತಯಾರಾಗುವ ದೋಸ್ತ್ 2011ರಲ್ಲಿ ಬಂದಿತು. 1940ರ ದಶಕದ ಉತ್ತರಾರ್ಧದಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯಿಂದ ವಾಹನೋದ್ಯಮಕ್ಕೆ ಕಾಲಿಟ್ಟ ಮಹೀಂದ್ರ ಕಂಪನಿಯ ಬೊಲೆರೊ ಪಿಕಪ್‌ಗಾದರೋ, ಜೀಪು ಬಿಚ್ಚಿ ಕಟ್ಟಿ ಪಳಗಿದ ಕೈಗಳು ಊರೂರಿನಲ್ಲಿ ಮೊದಲೇ ಸಿದ್ಧವಾಗಿದ್ದವು. ‘ಯಾವ ಮೇಸ್ತ್ರಿ ಕೈಗೆ ಕೊಟ್ರೂ ರೆಡಿ ಆಗ್ತೈತೆ’ ಎಂಬ ಪ್ರಶಂಸೆಯಲ್ಲಿ ಗಾಡಿಯ ಗುಣವೆಷ್ಟೋ ಮೇಸ್ತ್ರಿಯ ಗುಣವೂ ಅಷ್ಟೇ ಅಡಕವಾಗಿದೆ.

ಗಾಡಿ ‘ಕೈಕೊಡುವುದಿಲ್ಲ’ ಎಂಬ ಮಾತಿನ ತೂಕ ತಿಳಿಯಬೇಕಾದರೆ ಕೋಲಾರದ ಎಪಿಎಂಸಿ ಪ್ರಾಂಗಣದ ಲೆಕ್ಕವನ್ನು ನೋಡಬೇಕು. ಅಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. ಒಂದೂವರೆ ಟನ್ ಹೊರುವ ಪಿಕಪ್‌ನಲ್ಲಿ, ಹಣ್ಣಿನ ತೂಕವನ್ನಷ್ಟೇ ಎಣಿಸಿದರೆ, 100 ಬಾಕ್ಸು ಹಿಡಿಯುತ್ತದೆ. ಕ್ರೇಟಿನ ತೂಕವನ್ನೂ ಕೂಡಿಸಿದರೆ ಮಿತಿ ಇನ್ನೂ ಬೇಗ ಮುಟ್ಟುತ್ತದೆ. 2023ರ ಜುಲೈನಲ್ಲಿ ಬಾಕ್ಸಿನ ಧಾರಣೆ 2,000 ರೂಪಾಯಿಗಳನ್ನು ಮೀರಿದಾಗ ಒಂದು ಗಾಡಿಯ ಮೇಲಿದ್ದ ಸರಕು 2 ಲಕ್ಷ ರೂಪಾಯಿಗಳಷ್ಟು ಬಾಳುತ್ತಿತ್ತು. ಧಾರಣೆ ಕುಸಿದ ಋತುವಿನಲ್ಲಿಯೋ ಅಷ್ಟೇ ಹಣ್ಣು ಗಾಡಿಯ ಬಾಡಿಗೆಯನ್ನೂ ಹುಟ್ಟಿಸದೆ ರಸ್ತೆಬದಿಗೆ ಸುರಿಯಲ್ಪಡುತ್ತದೆ. ಇಂಥ ವ್ಯಾಪಾರದಲ್ಲಿ, ವರ್ಷಕ್ಕೊಮ್ಮೆ ಕೆಟ್ಟು ಮೂರು ದಿನ ಷೆಡ್ಡಿನಲ್ಲಿ ನಿಲ್ಲುವ ಗಾಡಿಗಿಂತ, ಆಗಾಗ್ಗೆ ಕೆಟ್ಟರೂ ಹರಾಜಿನ ಹೊತ್ತಿಗೆ ಸರಿಹೋಗುವ ಗಾಡಿಯೇ ನಂಬಿಕೆಗೆ ಪಾತ್ರವಾಗುವುದು ಸಹಜ. ಎಷ್ಟು ಸಲ ಕೆಟ್ಟಿತೆಂದು ಎಣಿಸುವ ತಜ್ಞನ ಅಳತೆಗೆ ಈ ವಿವೇಕವು ಸಿಕ್ಕುವುದಿಲ್ಲ.

ತಾಲ್ಲೂಕು ಬದಲಾದಂತೆ ಅಳತೆಯೂ ಬದಲಾಗುತ್ತದೆ. ಇಟ್ಟಿಗೆ ಹೆಂಚುಗಳ ನಾಡಾದ ಮಾಲೂರಿನಲ್ಲಿ ಹೊರೆ ತಾಳುವುದೇ ಪರಮಗುಣವಾದ್ದರಿಂದ, ಹಿಂಬದಿಯ ಕಮಾನು ಪಟ್ಟಿಗಳ ಕಟ್ಟನ್ನು ಬಿಚ್ಚಿ, ಕಂಪನಿ ಕೊಟ್ಟ ಪಟ್ಟಿಗಳ ನಡುವೆ ಇನ್ನೊಂದನ್ನು ಸೇರಿಸಿ, ಯು-ಬೋಲ್ಟುಗಳನ್ನು ಮತ್ತೆ ಬಿಗಿಸಿದ ಗಾಡಿಯ ಬೆನ್ನು ಇಟ್ಟಿಗೆಯ ಲೋಡಿಗೆ ಬಗ್ಗದು. ಅದೇ ಗಡಸು ಪಟ್ಟಿಯ ಮೇಲೆ ಹಣ್ಣಾದ ಟೊಮೆಟೊ ಹೇರಿ ಹಳ್ಳಿಯ ಹಾದಿಯಲ್ಲಿ ಬಂದರೆ ಕೆಳಸಾಲಿನ ಕ್ರೇಟುಗಳಿಂದ ರಸ ಸೋರುತ್ತದೆ. ಒಬ್ಬನಿಗೆ ಗಟ್ಟಿತನವೆನಿಸಿದ್ದು ಮತ್ತೊಬ್ಬನಿಗೆ ದೋಷ. ಇಬ್ಬರೂ ತಮ್ಮ ಅನುಭವವನ್ನು ಕಂಪನಿಯ ಹೆಸರಿನಲ್ಲಿಯೇ ಹೇಳುತ್ತಾರೆ, ಪಟ್ಟಿ ಸೇರಿಸಿದ ಷೆಡ್ಡಿನ ಹೆಸರನ್ನು ಯಾರೂ ಎತ್ತುವುದಿಲ್ಲ! ಮುಳಬಾಗಿಲಿನವನು ನಂಗಲಿ ದಾಟಿ, ಪಲಮನೇರು ಕಳೆದು, ಮೊಗಿಲಿ ಘಾಟಿಯಲ್ಲಿ ಚಿತ್ತೂರಿನ ಕಡೆಗೆ ಇಳಿಯುವವನಾದ್ದರಿಂದ ಬ್ರೇಕನ್ನೂ, ಮರಳಿ ಏರುವಾಗ ಎಂಜಿನ್ನಿನ ಎಳೆತವನ್ನೂ ಮುಂದಿಟ್ಟು ವಾದಿಸುತ್ತಾನೆ. ಶ್ರೀನಿವಾಸಪುರದವನ ದುಡಿಮೆ ಮಾವಿನ ಕೆಲವೇ ತಿಂಗಳುಗಳಲ್ಲಿ ಕೇಂದ್ರೀಕೃತವಾದುದು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿಗೆ ಪ್ರವೇಶ ನಿಷೇಧಿಸಿದಂಥ ಸಂದರ್ಭದಲ್ಲಿ, ಆ ಋತುವಿನ ದುಡಿಮೆಯನ್ನು ನಂಬಿ ಕಂತು ಕಟ್ಟುವವನಿಗೆ ಯಾವ ಕಂಪನಿಯ ಎಂಜಿನ್ನೂ ನೆರವಾಗಲಾರದು.

ಪಾಶ್ಚಾತ್ಯ ಮನಶ್ಶಾಸ್ತ್ರವು ಇಂಥ ನಿಷ್ಠೆಗೆ ಬೇರೊಂದು ಕಾರಣ ಹೇಳುತ್ತದೆ. ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ಆಯ್ಕೆ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವ ವೈರುಧ್ಯವನ್ನು ಶಮನಗೊಳಿಸಲು ಮನುಷ್ಯನು ತನ್ನ ಆಯ್ಕೆಗೆ ಅನುಕೂಲವಾದ ಸಾಕ್ಷ್ಯವನ್ನೇ ಅರಸುತ್ತಾನೆ. ಅದೇ ವರ್ಷ ಡ್ಯಾನುಟಾ ಎರ್ಲಿಕ್ ಮತ್ತು ಸಂಗಡಿಗರು, ಹೊಸ ಕಾರು ಕೊಂಡವರು ತಾವು ಪರಿಶೀಲಿಸಿ ಬಿಟ್ಟ ಕಾರುಗಳ ಜಾಹೀರಾತಿಗಿಂತ ಕೊಂಡ ಕಾರಿನ ಜಾಹೀರಾತನ್ನೇ ಹೆಚ್ಚಾಗಿ ಓದುತ್ತಾರೆಂದು ತೋರಿಸಿದರು. ಇದು ಕೋಲಾರಕ್ಕೂ ತಕ್ಕಮಟ್ಟಿಗೆ ಅನ್ವಯಿಸಬಹುದು. ಆದರೆ ಕಂತು ಮುಗಿಯುವ ಮುನ್ನವೇ ಗಾಡಿಯನ್ನು ಮಾರಬೇಕಾಗಿ ಬಂದೀತೆಂಬ ಭಯದಲ್ಲಿ ಬದುಕುವ ಒಂದೇ ಗಾಡಿಯ ಮಾಲೀಕನಿಗೆ, ನೆರೆಯವರೆಲ್ಲ ಕೊಳ್ಳುವ ಗಾಡಿಯನ್ನೇ ಕೊಳ್ಳುವುದು ಮನಸ್ಸಮಾಧಾನದ ಉಪಾಯವಾಗಿರದೆ ಆತ್ಮರಕ್ಷಣೆಯಾಗಿದೆಯೆಂದು ನಾನು ದೃಢವಾಗಿ ಭಾವಿಸುತ್ತೇನೆ: ಆ ಗಾಡಿಗೆ ಸೆಕೆಂಡ್ ಹ್ಯಾಂಡ್ ಗಿರಾಕಿಯುಂಟು, ಹಳೆಯ ಗಾಡಿಗಳಿಂದ ಬಿಚ್ಚಿದ ಬಿಡಿಭಾಗಗಳುಂಟು, ಫೈನಾನ್ಸಿನವರಿಗೆ ಅದರ ಬೆಲೆಯ ಅಂದಾಜುಂಟು. ಒಬ್ಬೊಬ್ಬನ ನಿಷ್ಠೆಯೂ ಹೀಗೆ ಉಳಿದವರ ನಿಷ್ಠೆಗೆ ಆಧಾರವಾಗಿ ನಿಲ್ಲುತ್ತದೆ.

ಈ ವಾದಗಳನ್ನು ಕೇಳುವ ಸಂಶೋಧಕನು ಒಂದು ಅಪಾಯವನ್ನು ಸದಾ ನೆನೆಯಬೇಕು. ಸ್ಟ್ಯಾಂಡಿನಲ್ಲಿ ನಿಂತು ತನ್ನ ಗಾಡಿಯನ್ನು ಹೊಗಳುವವನು ಗಾಡಿ ಉಳಿಸಿಕೊಂಡವನು. ರಿಪೇರಿಯ ಖರ್ಚು ಕಂತನ್ನು ನುಂಗಿ, ಗಾಡಿಯನ್ನು ಫೈನಾನ್ಸಿನವರು ಎಳೆದೊಯ್ದ ಮೇಲೆ ಕೂಲಿಗೆ ಮರಳಿದವನ ಸಾಕ್ಷ್ಯವು ಆ ಸಭೆಯಲ್ಲಿ ನುಡಿಯುವುದಿಲ್ಲ. ಅವನ ಸೋಲಿಗೆ ಗಾಡಿ ಕಾರಣವೋ, ಟೊಮೆಟೊ ಧಾರಣೆ ಕಾರಣವೋ, ಬತ್ತಿದ ಕೊಳವೆಬಾವಿ ಕಾರಣವೋ ಎಂಬ ವಿಚಾರಣೆಯಿಲ್ಲದೆ ನಂಬಿಕೆಯ ಯಾವ ಲೆಕ್ಕವೂ ಪೂರ್ಣವಲ್ಲ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಬಳಿಕ ಈ ವ್ಯವಸ್ಥೆಯ ಬುಡವೇ ಸಡಿಲವಾಗುತ್ತಿದೆ. ಸೆನ್ಸರುಗಳೂ ಹೊಗೆಯ ಫಿಲ್ಟರುಗಳೂ ಸೇರಿದ ಎಂಜಿನ್ನಿನ ದೋಷವನ್ನು ಹಲವೇಳೆ ಸ್ಕ್ಯಾನರ್ ಜೋಡಿಸಿಯೇ ಕಾಣಬೇಕಾದುದರಿಂದ, ಶಬ್ದ ಕೇಳಿ ರೋಗ ಹೇಳುತ್ತಿದ್ದ ಮೇಸ್ತ್ರಿಯು ಎಲ್ಲ ಕಂಪನಿಗಳ ಗಾಡಿಗಳ ಮುಂದೆಯೂ ಸಮಾನವಾಗಿ ಕೈಕಟ್ಟಿ ನಿಲ್ಲುವಂತಾಗಿದೆ. ಮಾಲೀಕರು ಮಾತ್ರ ಹಳೆಯ ಎಂಜಿನ್ನಿನ ಕೀರ್ತಿಯನ್ನು ಹೊಸ ಗಾಡಿಯ ಪರವಾಗಿ ಉದಾಹರಿಸುತ್ತಲೇ ಇದ್ದಾರೆ. ಮುಂದಿನ ಅಧ್ಯಯನವು ಮಾಲೀಕರ ಮಾತುಗಳಷ್ಟರಿಂದಲೇ ತೃಪ್ತವಾಗದೆ, ಈ ನಾಲ್ಕು ಊರುಗಳ ಷೆಡ್ಡುಗಳಲ್ಲಿ ಯಾವ ಗಾಡಿ ಎಷ್ಟು ಹೊತ್ತು ನಿಂತಿತೆಂಬುದನ್ನೂ, ಬಿಡಿಭಾಗದ ಅಂಗಡಿಗಳ ಉದ್ರಿ ಪುಸ್ತಕಗಳಲ್ಲಿ ಯಾವ ಬಾಕಿ ಎಷ್ಟು ಕಾಲ ಉಳಿಯಿತೆಂಬುದನ್ನೂ ಕೈಗೆತ್ತಿಕೊಂಡು ಪರೀಕ್ಷಿಸತಕ್ಕದ್ದು.