ಕ್ಸೈಲಂ

ನಾಳಸಸ್ಯಗಳಲ್ಲಿ ಬೇರು ಹೀರಿದ ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಎಲೆಗಳವರೆಗೆ ಒಯ್ಯುವ, ಜೊತೆಗೆ ಕಾಂಡಕ್ಕೆ ಆಧಾರವಾಗಿಯೂ ನಿಲ್ಲುವ ಸಂಕೀರ್ಣ ಅಂಗಾಂಶ. ದಾರು ಎಂದೂ ಹೆಸರುಂಟು. ಟ್ರೇಕೀಡು, ನಾಳ, ನಾರು, ಪೇರೆಂಕೈಮ ಎಂಬ ನಾಲ್ಕು ಬಗೆಯ ಘಟಕಗಳು ಇದರಲ್ಲಿದ್ದು, ಪೇರೆಂಕೈಮವನ್ನುಳಿದು ಮಿಕ್ಕವು ಬಲಿತ ಮೇಲೆ ಸಾಮಾನ್ಯವಾಗಿ ನಿರ್ಜೀವ. ಜೀವದ್ರವ್ಯವಳಿದು ಲಿಗ್ನಿನ್ ತುಂಬಿದ ಭಿತ್ತಿ ಮಾತ್ರ ಉಳಿದಾಗಲೇ ನಾಳವು ತನ್ನ ಕಾರ್ಯಕ್ಕೆ ಅರ್ಹವಾಗುವುದೆಂಬುದು ವಿಚಿತ್ರವಾದರೂ ನಿಜ. ನೀರನ್ನು ಮೇಲೆತ್ತುವ ಬಲ ಮುಖ್ಯವಾಗಿ ಬೇರಿನದಲ್ಲ: ಪರ್ಣರಂಧ್ರಗಳಿಂದ ಆವಿ ಹೊರಟಂತೆಲ್ಲ, ಪರಸ್ಪರ ಬಿಗಿದುಕೊಂಡ ಜಲಾಣುಗಳ ಎಳೆಯು ಮೇಲಕ್ಕೆ ಸೆಳೆಯಲ್ಪಡುವುದೆಂದು ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಪ್ರತಿಪಾದಿಸಿದರು. ನಾಳದೊಳಗೆ ಗಾಳಿಗುಳ್ಳೆ ಸೇರಿದರೆ ಆ ಎಳೆ ಕಡಿಯುತ್ತದೆ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಿಂದ ಪಡುವಲಿಗೆ, ತುಂಗಭದ್ರೆಯಾಚೆ ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ, 1972ರಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಬರುವ ನೀಲಗಿರಿ ದಿಮ್ಮಿಯು ಬಹುಪಾಲು ಕ್ಸೈಲಮ್ಮೇ. ಕೊಯ್ದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಒಂಟೊಂಟಿಯಾಗಿ ಚೆದುರಿದ ನಾಳರಂಧ್ರಗಳು ಕಾಣುವುವು. ಚೇಗಿನಲ್ಲಿ ಇವುಗಳಲ್ಲಿ ಹಲವು, ನೆರೆಯ ಪೇರೆಂಕೈಮ ಕೋಶಗಳು ಒಳಚಾಚಿದ ಟೈಲೋಸ್‌ಗಳಿಂದ ಮುಚ್ಚಿಹೋಗಿರುವುವು. ಸುತ್ತಲಿನ ನಾರುಗಳು ಸುಮಾರು 1 ಮಿಲಿಮೀಟರ್ ಉದ್ದ. ಚಕ್ಕೆಯನ್ನು ರಾಸಾಯನಿಕಗಳೊಡನೆ ಬೇಯಿಸಿ ಲಿಗ್ನಿನ್ನನ್ನೂ ಹೆಮಿಸೆಲ್ಯುಲೋಸನ್ನೂ ಕಳೆದಾಗ ಉಳಿಯುವ ಸೆಲ್ಯುಲೋಸೇ ರೇಯಾನ್ ದರ್ಜೆಯ ತಿರುಳು. ದಾವಣಗೆರೆಯ ಹಳೆಯ ಗಿರಣಿಗಳು ನೂತ ಹತ್ತಿಗಾದರೋ ಈ ಸಂಸ್ಕಾರ ಬೇಕಿರಲಿಲ್ಲ. ಅದು ಕ್ಸೈಲಮ್ಮಲ್ಲ, ಬೀಜದ ಹೊರಚರ್ಮದ ರೋಮ, ಲಿಗ್ನಿನ್ ಅದರಲ್ಲಿ ಇಲ್ಲವೆಂದೇ ಹೇಳಬಹುದು.