ಡ್ಯುಯಲ್ ಬೂಟ್ ಗಣಕದಲ್ಲಿ ಕಡತ ಹಂಚಿಕೆ

ಒಂದೇ ಗಣಕದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಸ್ಥಾಪಿಸಿಕೊಂಡವರು ಒಂದೇ ಕಡತಗಳನ್ನು ಎರಡೂ ಕಡೆಯಿಂದ ಬಳಸುವ ವಿಧಾನ. ಒಮ್ಮೆಗೆ ಒಂದು ವ್ಯವಸ್ಥೆ ಮಾತ್ರ ಚಾಲನೆಯಲ್ಲಿರುವುದರಿಂದ ಇಲ್ಲಿ ನೆಟ್‌ವರ್ಕ್ ಬೇಕಿಲ್ಲ. ಎರಡಕ್ಕೂ ಅರ್ಥವಾಗುವ ಡಿಸ್ಕ್ ವಿಭಾಗವೊಂದಿದ್ದರೆ ಸಾಕು.

ಲಿನಕ್ಸ್‌ನ ಎಕ್ಸ್ಟ್4 ವಿಭಾಗವನ್ನು ವಿಂಡೋಸ್ ತಾನಾಗಿ ಓದಲಾರದು. ಲಿನಕ್ಸ್ ಮಾತ್ರ ವಿಂಡೋಸ್‌ನ ಎನ್‌ಟಿಎಫ್‌ಎಸ್ ವಿಭಾಗದಲ್ಲಿ ಓದಲೂ ಬರೆಯಲೂ ಬಲ್ಲದು. ಮೊದಲು ಎನ್‌ಟಿಎಫ್‌ಎಸ್-3ಜಿ ಎಂಬ ತಂತ್ರಾಂಶ ಈ ಕೆಲಸ ಮಾಡುತ್ತಿತ್ತು. 2021ರಲ್ಲಿ ಬಂದ ಲಿನಕ್ಸ್ ಕರ್ನೆಲ್ 5.15ರಲ್ಲಿ ಎನ್‌ಟಿಎಫ್‌ಎಸ್3 ಚಾಲಕ ಸೇರಿತು. ಹಳೆಯ ಫ್ಯಾಟ್32 ಎರಡಕ್ಕೂ ಒಗ್ಗುತ್ತದೆಯಾದರೂ 4 ಜಿಬಿಗಿಂತ ದೊಡ್ಡ ಕಡತವನ್ನು ಹಿಡಿಯದು. ಎಕ್ಸ್‌ಫ್ಯಾಟ್‌ಗೆ ಈ ಮಿತಿಯಿಲ್ಲ. ಆದರೆ ಅದರಲ್ಲಿ ಜರ್ನಲ್ (ಬದಲಾವಣೆಗಳ ದಾಖಲೆ) ಇಲ್ಲ, ಹಠಾತ್ ಕರೆಂಟು ಹೋದರೆ ಅಪಾಯ ಹೆಚ್ಚು. ಆದ್ದರಿಂದ ಸ್ಥಿರ ಡಿಸ್ಕ್‌ಗೆ ಪ್ರತ್ಯೇಕ ಎನ್‌ಟಿಎಫ್‌ಎಸ್ ವಿಭಾಗವೇ ಮೇಲು.

ಬಳಕೆದಾರರನ್ನು ಹೆಚ್ಚು ಕಾಡುವುದು ವಿಂಡೋಸ್ 8ರೊಂದಿಗೆ ಬಂದ 'ಫಾಸ್ಟ್ ಸ್ಟಾರ್ಟಪ್'. ಇದು ಚಾಲೂ ಇದ್ದಾಗ ಗಣಕವನ್ನು ಆರಿಸಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಕರ್ನೆಲ್‌ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿ ಮಲಗುತ್ತದೆ. ಆಗ ಲಿನಕ್ಸ್ ಆ ವಿಭಾಗವನ್ನು ತೆರೆಯಲು ನಿರಾಕರಿಸಬಹುದು, ಇಲ್ಲವೆ ಓದಲಷ್ಟೇ ಬಿಡಬಹುದು. ಈ ತಡೆ ದತ್ತಾಂಶದ ರಕ್ಷಣೆಗಾಗಿಯೇ ಇದೆ. ಅದನ್ನು ಬಲವಂತವಾಗಿ ಮೀರಿದರೆ ಕಡತಗಳು ಕೆಡಬಹುದು.

ಹೆಸರಿಡುವಲ್ಲಿಯೂ ವ್ಯತ್ಯಾಸವಿದೆ: ಕೋಲನ್, ಪ್ರಶ್ನಾರ್ಥಕ ಚಿಹ್ನೆ ಲಿನಕ್ಸ್‌ಗೆ ಸಮ್ಮತ, ವಿಂಡೋಸ್‌ಗೆ ನಿಷಿದ್ಧ. ಕನ್ನಡ ಲಿಪಿಯ ಹೆಸರುಗಳು ಎರಡರಲ್ಲೂ ಯೂನಿಕೋಡ್ ಆಗಿಯೇ ಉಳಿಯುತ್ತವೆ.

ವಿಭಾಗ ಮಾಡುವ ಮುನ್ನ ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ, ಫಾಸ್ಟ್ ಸ್ಟಾರ್ಟಪ್ ಅನ್ನು ನಿಷ್ಕ್ರಿಯಗೊಳಿಸಿ.