ತೀವ್ರ ಮಲಬದ್ಧತೆ: ಕರುಳಿನ ನರಗಳು ಸೋತಾಗ

ಮಲಬದ್ಧತೆ ಎಂದೊಡನೆ ನೀರು ಸಾಲದು, ಸೊಪ್ಪು-ತರಕಾರಿ ಸಾಲದು, ನಡಿಗೆ ಸಾಲದು ಎಂದು ಹೇಳುವುದು ರೂಢಿ. ಹಲವರ ವಿಷಯದಲ್ಲಿ ಅದು ಸರಿಯೂ ಹೌದು. ಆದರೆ ಈ ಮೂರನ್ನೂ ತಪ್ಪದೆ ಪಾಲಿಸಿಯೂ ವಾರಕ್ಕೊಮ್ಮೆ ಮಾತ್ರ ಮಲವಿಸರ್ಜನೆಯಾಗುವ, ಸದಾ ಹೊಟ್ಟೆಯುಬ್ಬರದಿಂದ ನರಳುವ ರೋಗಿಗಳಿದ್ದಾರೆ. ಇಂಥ ಹಲವರಲ್ಲಿ ತೊಂದರೆಯ ಬೇರು ಕರುಳಿನ ಗೋಡೆಯೊಳಗೆ ಹುದುಗಿರುವ ನರಗಳಲ್ಲಿರುತ್ತದೆ.

ಕರುಳಿಗೆ ತನ್ನದೇ ನರವ್ಯೂಹ

ಅನ್ನನಾಳದಿಂದ ಗುದನಾಳದವರೆಗೆ ಜೀರ್ಣಾಂಗದ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆಯೆಂದು ಅಂದಾಜು. ಇವು ಎರಡು ಜಾಲಗಳಾಗಿ ಹೆಣೆದುಕೊಂಡಿವೆ. ಸ್ನಾಯುಪದರಗಳ ನಡುವಿನ ಔರ್‌ಬಾಖ್ ಜಾಲವು ಕರುಳಿನ ಚಲನೆಯನ್ನು ನಿಯಂತ್ರಿಸುತ್ತದೆ. ಒಳಪೊರೆಯ ಕೆಳಗಿನ ಮೈಸ್ನರ್ ಜಾಲವು ಮುಖ್ಯವಾಗಿ ಸ್ರಾವ ಹಾಗೂ ರಕ್ತಸಂಚಾರವನ್ನು ನೋಡಿಕೊಳ್ಳುತ್ತದೆ.

1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಗಳ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿ ಪರೀಕ್ಷಿಸಿದರು. ಆಗಲೂ ಕರುಳಿನ ಚಲನೆ ನಿಲ್ಲಲಿಲ್ಲ. ಕರುಳೊಳಗಿನ ಉಂಡೆಯ ಹಿಂಭಾಗ ಸಂಕುಚಿಸುತ್ತದೆ, ಮುಂಭಾಗ ಸಡಿಲಗೊಳ್ಳುತ್ತದೆ. ಹೀಗೆ ಅದು ಮುಂದಕ್ಕೆ ಸಾಗುತ್ತದೆ ಎಂದು ಅವರು ವಿವರಿಸಿದರು. ಹಿಂದೆ ಸಂಕುಚಿಸಲು ಅಸಿಟೈಲ್‌ಕೋಲಿನ್, ಮುಂದೆ ಸಡಿಲಿಸಲು ನೈಟ್ರಿಕ್ ಆಕ್ಸೈಡ್ ಪ್ರಧಾನ ಸಂದೇಶವಾಹಕಗಳೆಂಬುದು ಇಂದು ತಿಳಿದಿದೆ. ಈ ಪ್ರತಿಕ್ರಿಯೆಗೆ ಚಾಲನೆ ನೀಡುವುದರಲ್ಲಿ ಸಿರೊಟೋನಿನ್ನಿಗೂ ಪಾತ್ರವಿದೆ. ದೇಹದ ಸಿರೊಟೋನಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಇರುವುದು ಜೀರ್ಣಾಂಗದಲ್ಲೇ.

ಗತಿ ನಿಧಾನವಾದರೆ

ಆರೋಗ್ಯವಂತರ ದೊಡ್ಡಕರುಳಿನಲ್ಲಿ ದಿನಕ್ಕೆ ಕೆಲವೇ ಬಾರಿ, ವಿಶೇಷವಾಗಿ ಬೆಳಗ್ಗೆ ಎದ್ದ ಮೇಲೆ ಮತ್ತು ಊಟದ ನಂತರ, ಬಲವಾದ ಅಲೆಗಳೆದ್ದು ಮಲವನ್ನು ದೂರದವರೆಗೆ ತಳ್ಳುತ್ತವೆ. ‘ನಿಧಾನಗತಿಯ ಮಲಬದ್ಧತೆ’ ಉಳ್ಳವರಲ್ಲಿ ಈ ಅಲೆಗಳು ವಿರಳ ಹಾಗೂ ದುರ್ಬಲ. ಮಲ ಹೆಚ್ಚು ಕಾಲ ಒಳಗೆ ಉಳಿದಷ್ಟೂ ನೀರು ಹೀರಲ್ಪಟ್ಟು ಗಟ್ಟಿಯಾಗುತ್ತದೆ. ಈ ತೊಂದರೆ ಮಹಿಳೆಯರಲ್ಲಿ, ಅದರಲ್ಲೂ ಯುವತಿಯರಲ್ಲಿ, ಹೆಚ್ಚಾಗಿ ಕಂಡುಬರುತ್ತದೆ.

ಇಂಥ ರೋಗಿಗಳಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಹಲವರಲ್ಲಿ ನರಕೋಶಗಳು ಕಡಿಮೆಯಾಗಿದ್ದುದು ಕಂಡಿದೆ. ಸ್ಪೇನಿನ ವಿಜ್ಞಾನಿ ಕಹಾಲ್ ಅವರ ಹೆಸರು ಪಡೆದ ‘ಕಹಾಲ್ ಕೋಶ’ಗಳೂ ಕ್ಷೀಣಿಸಿರುತ್ತವೆ. ಸ್ನಾಯುವಿಗೆ ತಾಳ ಒದಗಿಸುವ ಕೋಶಗಳಿವು. ಆದರೆ ಈ ನಷ್ಟ ರೋಗಕ್ಕೆ ಕಾರಣವೋ ಪರಿಣಾಮವೋ ಎಂಬುದು ಇನ್ನೂ ಚರ್ಚೆಯ ವಿಷಯ.

ಹುಟ್ಟಿನಿಂದಲೇ ನರಗಳಿಲ್ಲದಿದ್ದರೆ

ನರಗಳ ಮಹತ್ವವನ್ನು ಸ್ಪಷ್ಟವಾಗಿ ತೋರಿಸುವ ರೋಗ ಹಿರ್ಷ್‌ಸ್ಪ್ರಂಗ್ ಕಾಯಿಲೆ. ಡೆನ್ಮಾರ್ಕಿನ ಮಕ್ಕಳ ವೈದ್ಯ ಹೆರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಇದನ್ನು ವಿವರಿಸಿದರು. ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆ. ಭ್ರೂಣಾವಸ್ಥೆಯಲ್ಲಿ ನರಕೋಶಗಳು ಕರುಳಿನ ಕೊನೆಯವರೆಗೆ ತಲುಪದಿರುವುದೇ ಕಾರಣ. ನರವಿಲ್ಲದ ಭಾಗ ಸಡಿಲಗೊಳ್ಳದೆ ಬಿಗಿದೇ ಇರುತ್ತದೆ. ಅದರ ಹಿಂದಿನ ಕರುಳು ಹಿಗ್ಗುತ್ತದೆ. ಜನಿಸಿದ 48 ಗಂಟೆಗಳೊಳಗೆ ಶಿಶು ಮೊದಲ ಕಪ್ಪು ಮಲವನ್ನು ವಿಸರ್ಜಿಸದಿದ್ದರೆ ಈ ರೋಗವನ್ನು ಶಂಕಿಸಬೇಕು. ನರವಿಲ್ಲದ ಭಾಗವನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ಓರ್ವರ್ ಸ್ವೆನ್ಸನ್ 1948ರಲ್ಲಿ ಪ್ರಕಟಿಸಿದರು.

ಹುಟ್ಟಿದ ನಂತರವೂ ಈ ನರಗಳಿಗೆ ಹಾನಿಯಾಗಬಹುದು. ದೀರ್ಘಕಾಲದ ಮಧುಮೇಹ ಅವುಗಳನ್ನು ದುರ್ಬಲಗೊಳಿಸಬಹುದು. ಪಾರ್ಕಿನ್‌ಸನ್ ರೋಗಿಗಳಲ್ಲಿ ಕೈನಡುಕಕ್ಕೆ ವರ್ಷಗಳ ಮುನ್ನವೇ ಮಲಬದ್ಧತೆ ಕಾಣಿಸಿಕೊಳ್ಳುವುದುಂಟು. ಮಾರ್ಫಿನ್, ಕೊಡೀನ್‌ನಂಥ ಔಷಧಗಳು ನರಸಂದೇಶವನ್ನೇ ತಡೆಯುತ್ತವೆ.

ಪತ್ತೆ ಹೇಗೆ?

ದಿನಕ್ಕೆ 3 ಬಾರಿಯಿಂದ ವಾರಕ್ಕೆ 3 ಬಾರಿಯವರೆಗಿನ ಮಲವಿಸರ್ಜನೆ ಸಹಜ. ನಿಧಾನಗತಿಯನ್ನು ಅಳೆಯಲು ಎಕ್ಸ್-ರೇಯಲ್ಲಿ ಕಾಣುವ ಪುಟ್ಟ ಉಂಗುರಗಳಿರುವ ಕ್ಯಾಪ್ಸೂಲ್ ನುಂಗಿಸಲಾಗುತ್ತದೆ. ಸಾಮಾನ್ಯ ವಿಧಾನದಲ್ಲಿ 24 ಉಂಗುರಗಳಿರುತ್ತವೆ. ಐದನೆಯ ದಿನ ಆರು ಅಥವಾ ಹೆಚ್ಚು ಉಳಿದಿದ್ದರೆ ಗತಿ ನಿಧಾನವೆಂದು ಅರ್ಥ. ಇದಕ್ಕೆ ಮೊದಲು ಗುದನಾಳದ ಒತ್ತಡ ಪರೀಕ್ಷೆ ಅಗತ್ಯ. ಏಕೆಂದರೆ ಮುಕ್ಕುವಾಗ ಸಡಿಲಗೊಳ್ಳಬೇಕಾದ ಸ್ನಾಯುಗಳು ಬಿಗಿಯುವುದರಿಂದಲೂ ಇದೇ ಲಕ್ಷಣಗಳು ಕಾಣಿಸುತ್ತವೆ. ಅದಕ್ಕೆ ಬಯೋಫೀಡ್‌ಬ್ಯಾಕ್ ಎಂಬ ಸ್ನಾಯು ತರಬೇತಿಯೇ ಉತ್ತಮ ಚಿಕಿತ್ಸೆ.

ಚಿಕಿತ್ಸೆ

ಇಸಬ್‌ಗೋಲ್, ತವುಡು ಎಲ್ಲರಿಗೂ ಒಗ್ಗುವುದಿಲ್ಲ. ಜರ್ಮನಿಯಲ್ಲಿ 149 ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಧಾನಗತಿ ಉಳ್ಳವರ ಪೈಕಿ ಶೇ. 80 ಮಂದಿಗೆ ನಾರಿನಿಂದ ಉಪಯೋಗವಾಗಲಿಲ್ಲ. ಪರೀಕ್ಷೆಗಳಲ್ಲಿ ದೋಷ ಕಾಣದವರಲ್ಲಿ ಶೇ. 85 ಮಂದಿಗೆ ಗುಣ ಕಂಡಿತು. ಆದ್ದರಿಂದ ನಾರು ಫಲಿಸದಿದ್ದರೆ ಅದು ರೋಗಿಯ ಅಶಿಸ್ತೆಂದು ದೂರುವುದು ಸರಿಯಲ್ಲ.

ನೀರನ್ನು ಹಿಡಿದಿಡುವ ಪಾಲಿಎಥಿಲೀನ್ ಗ್ಲೈಕಾಲ್, ಕರುಳನ್ನು ಪ್ರಚೋದಿಸುವ ಬಿಸಾಕೊಡಿಲ್ ಮುಂದಿನ ಹೆಜ್ಜೆಗಳು. ಸೋನಾಮುಖಿಯಂಥ ಭೇದಿ ಔಷಧಗಳು ಕರುಳಿನ ನರಗಳನ್ನು ಕೊಲ್ಲುತ್ತವೆಂಬ ಭಯ 1960ರ ದಶಕದಿಂದ ಬಂದದ್ದು. ನಂತರದ ಸಂಶೋಧನೆ ಅದನ್ನು ಸಮರ್ಥಿಸಿಲ್ಲ. ಆದರೂ ವೈದ್ಯರ ಸಲಹೆಯಿಲ್ಲದ ದೀರ್ಘ ಬಳಕೆ ಸಲ್ಲದು. ನರಗಳ ಸಿರೊಟೋನಿನ್ ಗ್ರಾಹಕವನ್ನು ಪ್ರಚೋದಿಸುವ ಪ್ರುಕಲೋಪ್ರೈಡ್ ಔಷಧಕ್ಕೆ ಯುರೋಪಿನಲ್ಲಿ 2009ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ದೊರೆಯಿತು.

ಯಾವುದೂ ಫಲಿಸದಾಗ ದೊಡ್ಡಕರುಳನ್ನು ತೆಗೆದು ಸಣ್ಣಕರುಳನ್ನು ಗುದನಾಳಕ್ಕೆ ಜೋಡಿಸುವುದು ಕೊನೆಯ ಮಾರ್ಗ. ಲಂಡನ್ನಿನ ಶಸ್ತ್ರವೈದ್ಯ ಆರ್ಬುತ್‌ನಾಟ್ ಲೇನ್ ಮಲಬದ್ಧತೆಗೆ ಮಾಡಿದ ಇಂಥ ಶಸ್ತ್ರಚಿಕಿತ್ಸೆಗಳ ಫಲಿತಾಂಶವನ್ನು 1908ರಲ್ಲೇ ಪ್ರಕಟಿಸಿದ್ದರು. ನಂತರ ಭೇದಿ, ಕರುಳಿನ ಅಡಚಣೆ ಕಾಡಬಹುದು. ಹೊಟ್ಟೆನೋವು, ಉಬ್ಬರ ಉಳಿಯಬಹುದು. ಹಾಗಾಗಿ ಪರೀಕ್ಷೆಗಳಿಂದ ನಿಧಾನಗತಿ ಖಚಿತವಾದ ಕೆಲವರಿಗಷ್ಟೇ ಇದು ಸೂಕ್ತ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 50ರ ನಂತರ ಹೊಸದಾಗಿ ಶುರುವಾದ ಮಲಬದ್ಧತೆ - ಇವುಗಳಲ್ಲಿ ಯಾವುದೊಂದು ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು.